ಒಂದೇ ಟನ್ನು, ಎರಡು ಲೆಕ್ಕಪುಸ್ತಕ: ಹೂಡಿಕೆದಾರರ ಕಾರ್ಬನ್ ಮಾರುಕಟ್ಟೆ ತರಬೇತಿ ಹೇಗಿರುತ್ತದೆ

ಮ್ಯೂಚುವಲ್ ಫಂಡ್, ವಿಮಾ ಕಂಪನಿ, ಪಿಂಚಣಿ ನಿಧಿ, ಬ್ಯಾಂಕಿನ ರಿಸ್ಕ್ ವಿಭಾಗ ಇಂಥ ಕಡೆ ಕೆಲಸ ಮಾಡುವವರಿಗೆಂದು ನಡೆಯುವ ಕಾರ್ಬನ್ ಮಾರುಕಟ್ಟೆ ಮತ್ತು ನೆಟ್ ಝೀರೊ (ಹೊರಬಿಡುವ ಇಂಗಾಲದ ನಿವ್ವಳ ಲೆಕ್ಕವನ್ನು ಸೊನ್ನೆಗೆ ತರುವ ಗುರಿ) ತರಬೇತಿ ಹೊರಗಿನಿಂದ ಒಂದೇ ವಿಷಯದಂತೆ ಕಾಣುತ್ತದೆ. ಒಳಗೆ ಕೂತರೆ ಎರಡು. ಇಂಗಾಲದ ಡೈಆಕ್ಸೈಡಿನ ಟನ್ನುಗಳನ್ನು ಪರವಾನಗಿ, ಕ್ರೆಡಿಟ್‌ಗಳ ರೂಪದಲ್ಲಿ ಕೊಳ್ಳುವುದು, ಮಾರುವುದು, ಅವುಗಳ ಗುಣಮಟ್ಟ ಅಳೆಯುವುದು ಮೊದಲನೆಯದು. ನಾವು ಹಣ ಹಾಕಿರುವ ಕಂಪನಿಗಳ ಚಿಮಣಿಯಿಂದ ಹೊರಬೀಳುವ ಹೊಗೆಯಲ್ಲಿ ನಮ್ಮ ಪಾಲೆಷ್ಟು ಎಂದು ಲೆಕ್ಕ ಹಾಕಿ, ಅದನ್ನು ವರ್ಷವರ್ಷ ಇಳಿಸುವುದು ಎರಡನೆಯದು. ಎರಡರ ಅಳತೆಯೂ ಟನ್ನೇ ಆದ್ದರಿಂದ ಒಂದರಿಂದ ಇನ್ನೊಂದನ್ನು ಕಳೆದುಬಿಡಬಹುದು ಅನ್ನಿಸುತ್ತದೆ. ತರಬೇತಿಯಲ್ಲಿ ಬೀಳುವ ಕೆಂಪು ಗೆರೆಗಳಲ್ಲಿ ಬಹುಪಾಲು ಇದಕ್ಕೇ.

ಸೇರುವವರಿಗೆ ಬೇಕಾದದ್ದು ಹವಾಮಾನ ವಿಜ್ಞಾನಕ್ಕಿಂತ ಹೆಚ್ಚಾಗಿ ಎಕ್ಸೆಲ್ ಮತ್ತು ಬ್ಯಾಲೆನ್ಸ್ ಶೀಟ್ ಓದುವ ಅಭ್ಯಾಸ. ಶುಲ್ಕ ಕಟ್ಟುವ ಮೊದಲು ಪಠ್ಯಕ್ರಮದಲ್ಲಿ ಮೂರು ಹೆಸರು ಹುಡುಕಿ ನೋಡುವುದು ಒಳ್ಳೆಯದು. ಕಂಪನಿಗಳ ಹವಾಮಾನ ಅಪಾಯದ ವರದಿಗೆ ಚೌಕಟ್ಟು ಕೊಟ್ಟ ಟಿಸಿಎಫ್‌ಡಿಯನ್ನು ಈಗಲೂ ನಡೆಯುತ್ತಿರುವ ಸಂಸ್ಥೆಯಂತೆ ತೋರಿಸಿದ್ದಾರೆಯೇ? ಅದು 2023ರ ಅಕ್ಟೋಬರಿನಲ್ಲೇ ವಿಸರ್ಜನೆಯಾಯಿತು. ಅದರ ಜಾಗದಲ್ಲಿ ಈಗ ಐಎಫ್‌ಆರ್‌ಎಸ್ ಎಸ್2 ಎಂಬ ವರದಿ ಮಾನದಂಡ ಇದೆ. ಬ್ಯಾಂಕುಗಳ ನೆಟ್ ಝೀರೊ ಒಕ್ಕೂಟ ಎನ್‌ಝಡ್‌ಬಿಎ 2025ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಆಸ್ತಿ ನಿರ್ವಾಹಕರ ಒಕ್ಕೂಟ ಅದೇ ವರ್ಷ ಜನವರಿಯಲ್ಲಿ ತನ್ನ ಚಟುವಟಿಕೆ ನಿಲ್ಲಿಸಿ ಮರುಪರಿಶೀಲನೆಗೆ ಇಳಿಯಿತು. ಇವು ಸ್ಲೈಡುಗಳಲ್ಲಿ ಹಳೆಯ ರೂಪದಲ್ಲೇ ಇದ್ದರೆ ಉಳಿದದ್ದೂ ಹಳತೇ ಎಂದುಕೊಳ್ಳಬಹುದು.

ಶುರುವಾಗುವುದು ಯುರೋಪಿನ ಇಯು ಇಟಿಎಸ್‌ನಿಂದ, ಒಂದು ಟನ್ ಹೊಗೆಗೆ ಒಂದರಂತೆ ಪರವಾನಗಿ (ಅಲೊವೆನ್ಸ್) ಕೊಳ್ಳುವ, ಮಾರುವ, 2005ರಿಂದ ನಡೆಯುತ್ತಿರುವ ಮಾರುಕಟ್ಟೆ ಅದು. ಮೊದಲ ಹಂತ ಮುಗಿಯುವ 2007ರಲ್ಲಿ ಬೆಲೆ ಸೊನ್ನೆಯ ಹತ್ತಿರ ಬಿದ್ದಿತ್ತು, 2023ರ ಫೆಬ್ರುವರಿಯಲ್ಲಿ 100 ಯೂರೊ ದಾಟಿತು. ಬಿದ್ದದ್ದು ಏಕೆಂದರೆ ಕಂಪನಿಗಳು ನಿಜವಾಗಿ ಉಗುಳಿದ್ದಕ್ಕಿಂತ ಹೆಚ್ಚು ಅಲೊವೆನ್ಸ್ ಹಂಚಿಕೆಯಾಗಿತ್ತು. ಆ ಹಂತದ್ದನ್ನು ಮುಂದಿನ ಹಂತಕ್ಕೆ ಒಯ್ಯುವ ಅವಕಾಶವೂ ಇರಲಿಲ್ಲ. ಈಗ ಒಟ್ಟು ಮಿತಿ ವರ್ಷಕ್ಕೆ 4.3 ಶೇಕಡಾದಂತೆ ಇಳಿಯುತ್ತಿದೆ, 2028ರಿಂದ 4.4. ಅಲೊವೆನ್ಸ್ ಒಪ್ಪಿಸುವ ಕೊನೆಯ ದಿನ ಸೆಪ್ಟೆಂಬರ್ 30. ತಪ್ಪಿದರೆ ಟನ್ನಿಗೆ 100 ಯೂರೊ ದಂಡ, ಅದೂ ಹಣದುಬ್ಬರಕ್ಕೆ ತಕ್ಕಂತೆ ಏರುವಂಥದ್ದು. ದಂಡ ಕಟ್ಟಿದ ಮಾತ್ರಕ್ಕೆ ಟನ್ನು ಒಪ್ಪಿಸುವ ಹೊಣೆ ತೀರುವುದಿಲ್ಲ. ಹಾಗಾಗಿ ಅಲ್ಲಿ ದಂಡವು ಬೆಲೆಯ ಮೇಲಿನ ಮಿತಿ ಆಗದು. ಪರೀಕ್ಷೆಯಲ್ಲಿ ಇದನ್ನು ಕೇಳದೆ ಬಿಡುವುದಿಲ್ಲ.

ಇಲ್ಲಿನ ಅಭ್ಯಾಸ ಒಂದು ಯುರೋಪಿನ ಉಕ್ಕಿನ ಕಂಪನಿಯದು. ವರ್ಷದ ಹೊರಸೂಸುವಿಕೆ 10 ಲಕ್ಷ ಟನ್, ಉಚಿತವಾಗಿ ಸಿಗುವ ಅಲೊವೆನ್ಸ್ 7 ಲಕ್ಷ, ಬೆಲೆ 75 ಯೂರೊ ಎಂದು ಹಿಡಿಯುತ್ತೇವೆ. 3 ಲಕ್ಷ ಟನ್ ಕೊರತೆ, 2.25 ಕೋಟಿ ಯೂರೊ. ಫ್ಯೂಚರ್ಸ್‌ನಲ್ಲಿ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಕಟ್ಟುವ ಒಪ್ಪಂದ) ಒಂದು ಲಾಟ್ ಅಂದರೆ 1,000 ಟನ್, ಅಂದರೆ ಡಿಸೆಂಬರ್ ಕಾಂಟ್ರಾಕ್ಟಿನ 300 ಲಾಟ್. ಇಷ್ಟಕ್ಕೆ ನಿಲ್ಲಿಸಿದವರಿಗೆ ಅರ್ಧ ಅಂಕ. ಸಿಬ್ಯಾಮ್ (ಆಮದಾಗುವ ಸರಕಿನ ಇಂಗಾಲಕ್ಕೆ ಯುರೋಪ್ ಗಡಿಯಲ್ಲಿ ವಿಧಿಸುವ ಬೆಲೆ) ವ್ಯಾಪ್ತಿಯ ಉದ್ಯಮಗಳಿಗೆ ಉಚಿತ ಹಂಚಿಕೆ 2026ರಲ್ಲಿ 2.5 ಶೇಕಡಾ ಕಡಿತದಿಂದ ಶುರುವಾಗಿ, 2027ರಲ್ಲಿ 5, 2028ರಲ್ಲಿ 10, 2029ರಲ್ಲಿ 22.5, 2030ರಲ್ಲಿ 48.5 ಹೀಗೆ ಏರುತ್ತಾ 2034ಕ್ಕೆ ಪೂರ್ತಿ ನಿಲ್ಲುತ್ತದೆ. ಬೇರೇನೂ ಬದಲಾಗದಿದ್ದರೂ 2030ಕ್ಕೆ ನಮ್ಮ ಕಂಪನಿಗೆ ಉಚಿತವಾಗಿ ಸಿಗುವುದು 3,60,500 ಟನ್ ಮಾತ್ರ. ಕೊರತೆ 6,39,500 ಟನ್, ಖರ್ಚು ಸುಮಾರು 4.8 ಕೋಟಿ ಯೂರೊ. ಕಾರ್ಬನ್ ಬೆಲೆ ಒಂದು ಯೂರೊ ಕೂಡ ಏರದೆ ಖರ್ಚು ಎರಡು ಪಟ್ಟು ದಾಟಿತು. ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ವಾದಿಸುವುದರಲ್ಲಿ ಸಮಯ ಕಳೆಯುವ ವಿಶ್ಲೇಷಕರು ಈ ಹಂಚಿಕೆಯ ಇಳಿಜಾರನ್ನು ಮಾದರಿಯಲ್ಲಿ ಸೇರಿಸಲು ಮರೆಯುವುದು ಸಾಮಾನ್ಯ.

ಸಿಬ್ಯಾಮ್ ಭಾಗ ಭಾರತದ ಹೂಡಿಕೆದಾರರಿಗೆ ನೇರವಾಗಿ ತಟ್ಟುತ್ತದೆ. 2023ರ ಅಕ್ಟೋಬರಿನಿಂದ 2025ರ ಕೊನೆಯವರೆಗೆ ವರದಿ ಮಾತ್ರ ಸಾಕಿತ್ತು. 2026ರ ಜನವರಿಯಿಂದ ಹಣದ ಲೆಕ್ಕ ಶುರು. ಬಳ್ಳಾರಿ ಸೀಮೆಯ ಉಕ್ಕು ಯುರೋಪಿನ ಬಂದರಿಗೆ ಹೋದರೆ ಸರ್ಟಿಫಿಕೇಟ್ ಕೊಳ್ಳಬೇಕಾದವನು ಅಲ್ಲಿನ ಆಮದುದಾರ, ಇಲ್ಲಿನ ಕಾರ್ಖಾನೆಯಲ್ಲ. ಆದರೆ ಆ ಖರ್ಚು ಬೆಲೆಯ ಮಾತುಕತೆಯಲ್ಲಿ ಹಿಂದಕ್ಕೆ ಬಂದೇ ಬರುತ್ತದೆ. ಉಕ್ಕು, ಅಲ್ಯೂಮಿನಿಯಂಗೆ ನೇರ ಹೊರಸೂಸುವಿಕೆ ಮಾತ್ರ ಗಣನೆಗೆ ಬರುವುದರಿಂದ, ಸೌರ ವಿದ್ಯುತ್ ಕೊಂಡೆವು ಎಂದು ಈ ಬಾಬ್ತು ಇಳಿಯುವುದಿಲ್ಲ. ಉತ್ಪಾದನೆಯ ದೇಶದಲ್ಲೇ ಕಾನೂನುಬದ್ಧವಾಗಿ ಕೊಟ್ಟ ಕಾರ್ಬನ್ ಬೆಲೆಯನ್ನು ಕಳೆಯಲು ಅವಕಾಶವಿದೆ, ಸ್ವಯಂಪ್ರೇರಿತವಾಗಿ ಕೊಂಡ ಕ್ರೆಡಿಟ್ಟಿಗೆ ಇಲ್ಲ.

ಆ ಕಾರಣಕ್ಕೇ ಮುಂದಿನ ಪಾಠ ಭಾರತದ ಸಿಸಿಟಿಎಸ್, ಅಂದರೆ ನಮ್ಮದೇ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ ಇದಕ್ಕೆ ಬುನಾದಿ, 2023ರ ಜೂನ್‌ನಲ್ಲಿ ಯೋಜನೆಯ ಅಧಿಸೂಚನೆ. ಉಸ್ತುವಾರಿ ಇಂಧನ ದಕ್ಷತಾ ಬ್ಯೂರೊ (ಬಿಇಇ), ರಿಜಿಸ್ಟ್ರಿ (ಕ್ರೆಡಿಟ್‌ಗಳ ಅಧಿಕೃತ ಖಾತೆ ಪುಸ್ತಕ) ಗ್ರಿಡ್ ಇಂಡಿಯಾ, ವಹಿವಾಟಿನ ನಿಯಂತ್ರಣ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ (ಸಿಇಆರ್‌ಸಿ). 2025ರ ಅಕ್ಟೋಬರಿನ ನಿಯಮಗಳಲ್ಲಿ ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಆಲ್ಕಲಿ, ಕಾಗದ ಈ ನಾಲ್ಕು ವಲಯಗಳ 282 ಘಟಕಗಳಿಗೆ ಗುರಿ ಬಂದಿತು, 186 ಸಿಮೆಂಟಿನವೇ. ಯುರೋಪಿನ ಮಾದರಿಯನ್ನು ಕಲಿತು ಬಂದವರು ಇಲ್ಲಿ ಎಡವುತ್ತಾರೆ, ಏಕೆಂದರೆ ಇಲ್ಲಿ ಒಟ್ಟು ಮಿತಿಯೇ ಇಲ್ಲ. ಗುರಿ ಇರುವುದು ಪ್ರತಿ ಟನ್ ಉತ್ಪನ್ನಕ್ಕೆ ಎಷ್ಟು ಎಂಬ ತೀವ್ರತೆಗೆ. ಚೀನಾದ ರಾಷ್ಟ್ರೀಯ ಮಾರುಕಟ್ಟೆಯೂ ತೀವ್ರತೆಯನ್ನೇ ಅಳೆಯುತ್ತದೆ.

ಲೆಕ್ಕ ಹೀಗೆ: ಪ್ರತಿ ಟನ್ ಉತ್ಪನ್ನಕ್ಕೆ ಗುರಿ 0.60 ಟನ್ ಹೊಗೆ, ವಾಸ್ತವ 0.62, ಉತ್ಪಾದನೆ 50 ಲಕ್ಷ ಟನ್ ಎಂದಿಟ್ಟುಕೊಂಡರೆ ಕೊರತೆ, ಟನ್ನಿಗೆ ಒಂದರಂತೆ, 1 ಲಕ್ಷ ಸರ್ಟಿಫಿಕೇಟ್. ಅದೇ ಘಟಕ 0.59ಕ್ಕೆ ಇಳಿಸಿದ್ದರೆ 50,000 ಸರ್ಟಿಫಿಕೇಟ್ ಅದರ ಖಾತೆಗೆ ಬರುತ್ತಿತ್ತು. ಮಾರಾಟ ಜೋರಾದ ವರ್ಷದಲ್ಲಿ ಗುರಿ ತಪ್ಪಿದ ಘಟಕದ ಕೊರತೆಯೂ ದೊಡ್ಡದಾಗುತ್ತದೆ, ಗುರಿ ಮೀರಿ ಸಾಧಿಸಿದ ಘಟಕದ ಲಾಭವೂ ದೊಡ್ಡದಾಗುತ್ತದೆ. ಉತ್ಪಾದನೆಯ ಅಂದಾಜು ತಪ್ಪಿದರೆ ಕಾರ್ಬನ್ ಅಂದಾಜೂ ತಪ್ಪಿದಂತೆ. ಕೊರತೆ ತುಂಬದಿದ್ದರೆ ಪರಿಸರ ಪರಿಹಾರವಾಗಿ ಸರ್ಟಿಫಿಕೇಟಿನ ಸರಾಸರಿ ಬೆಲೆಯ ಎರಡು ಪಟ್ಟು ಕಟ್ಟಬೇಕು.

ಕಡ್ಡಾಯ ಮಾರುಕಟ್ಟೆಯ ಪಾಠ ಮುಗಿದ ಮೇಲೆ ಯೋಜನೆ ಆಧಾರಿತ ಕ್ರೆಡಿಟ್‌ಗಳು, ಅಂದರೆ ಯೋಜನೆಯೊಂದು ತಪ್ಪಿಸಿದ ಅಥವಾ ಹೀರಿದ ಪ್ರತಿ ಟನ್ನಿಗೆ ಸಿಗುವ, ಮಾರಬಹುದಾದ ಪತ್ರಗಳು. ತರಗತಿ ಬಿಸಿಯಾಗುವುದೇ ಇಲ್ಲಿ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವಂಥ ಪವನ ಯಂತ್ರಗಳ 50 ಮೆಗಾವ್ಯಾಟ್ ಯೋಜನೆಯೊಂದನ್ನು ಕಲ್ಪಿಸಿಕೊಂಡು, ಅದರ ಕ್ರೆಡಿಟ್ ಎಷ್ಟು, ಆ ಕ್ರೆಡಿಟ್ಟಿಗೆ ಅರ್ಹತೆ ಇದೆಯೇ ಎಂದು ನೋಡಬೇಕು. 50ನ್ನು ವರ್ಷದ 8,760 ಗಂಟೆ ಮತ್ತು 25 ಶೇಕಡಾ ಬಳಕೆಯಿಂದ ಗುಣಿಸಿದರೆ 1,09,500 ಮೆಗಾವ್ಯಾಟ್ ಗಂಟೆ. ಈಗ ಗ್ರಿಡ್ ಅಂಶ, ಅಂದರೆ ಗ್ರಿಡ್ಡಿನ ಒಂದು ಮೆಗಾವ್ಯಾಟ್ ಗಂಟೆ ವಿದ್ಯುತ್ತಿಗೆ ಎಷ್ಟು ಟನ್ ಹೊಗೆ ಎಂಬ ಸಂಖ್ಯೆ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ದತ್ತಾಂಶದಲ್ಲಿ ಕಣ್ಣಿಗೆ ಮೊದಲು ಬೀಳುವುದು 2023-24ರ ಸರಾಸರಿ 0.727. ಅದನ್ನೇ ಎತ್ತಿ ಹಾಕಿದರೆ ತಪ್ಪು. ಯೋಜನೆಗಳಿಗೆ ಬಳಸುವುದು ಕಂಬೈನ್ಡ್ ಮಾರ್ಜಿನ್. ಪವನ, ಸೌರ ಯೋಜನೆಗಳಲ್ಲಿ ಆಪರೇಟಿಂಗ್ ಮಾರ್ಜಿನ್‌ಗೆ (ಈಗ ಓಡುತ್ತಿರುವ ಸ್ಥಾವರಗಳ ಹೊಗೆ) 75, ಬಿಲ್ಡ್ ಮಾರ್ಜಿನ್‌ಗೆ (ಇತ್ತೀಚೆಗೆ ಕಟ್ಟಿದವುಗಳ ಹೊಗೆ) 25 ಶೇಕಡಾ ತೂಕ. ಅಭ್ಯಾಸಕ್ಕೆ 0.9 ಹಿಡಿದರೆ 98,550 ಕ್ರೆಡಿಟ್. ಸರಾಸರಿಯನ್ನು ಹಾಕಿದವರಿಗೆ 79,600ರ ಆಸುಪಾಸು ಬಂದಿರುತ್ತದೆ. ಹೂಡಿಕೆಯ ಪಟ್ಟಿಯ ಕಂಪನಿಯ ವಿದ್ಯುತ್ ಹೊರಸೂಸುವಿಕೆಗೆ ಸರಾಸರಿ, ಯೋಜನೆಯ ಕ್ರೆಡಿಟ್ಟಿಗೆ ಕಂಬೈನ್ಡ್: ಒಂದೇ ಗ್ರಿಡ್, ಎರಡು ಸಂಖ್ಯೆ.

ಆಮೇಲೆ ಅಡಿಷನಾಲಿಟಿ, ಅಂದರೆ ಕ್ರೆಡಿಟ್ಟಿನ ಹಣವಿಲ್ಲದಿದ್ದರೆ ಈ ಯೋಜನೆ ಆಗುತ್ತಲೇ ಇರಲಿಲ್ಲವೇ ಎಂಬ ಪರೀಕ್ಷೆ. ಯೂನಿಟ್ಟಿಗೆ 3 ರೂಪಾಯಿಯಂತೆ ವಿದ್ಯುತ್ ಮಾರಿದರೆ ವರ್ಷಕ್ಕೆ 32.85 ಕೋಟಿ ರೂಪಾಯಿ. ಕ್ರೆಡಿಟ್ಟಿಗೆ 1 ಡಾಲರ್, ಡಾಲರಿಗೆ 85 ರೂಪಾಯಿ ಹಿಡಿದರೆ ಸುಮಾರು 84 ಲಕ್ಷ. ವಿದ್ಯುತ್ ಆದಾಯದ 2.5 ಶೇಕಡಾ! ಇಷ್ಟು ಸಣ್ಣ ಮೊತ್ತಕ್ಕಾಗಿ ಸಾಲ ಕೊಡುವ ಬ್ಯಾಂಕು ಮನಸ್ಸು ಬದಲಾಯಿಸಿತು ಎಂದು ನಂಬಿಸುವುದು ಕಷ್ಟ. 2019ರ ಸುಮಾರಿಗೆ ಕ್ರೆಡಿಟ್ ವಿತರಿಸುವ ವೆರಾ ಮತ್ತು ಗೋಲ್ಡ್ ಸ್ಟ್ಯಾಂಡರ್ಡ್ ಸಂಸ್ಥೆಗಳೆರಡೂ ಅತಿ ಹಿಂದುಳಿದ ದೇಶಗಳ ಹೊರಗಿನ ಇಂಥ ಹೊಸ ಗ್ರಿಡ್ ಯೋಜನೆಗಳಿಗೆ ಬಾಗಿಲು ಹಾಕಿಕೊಂಡದ್ದಕ್ಕೆ ಇದೇ ತರ್ಕ. 2024ರ ಆಗಸ್ಟ್‌ನಲ್ಲಿ ಕ್ರೆಡಿಟ್‌ಗಳ ಗುಣಮಟ್ಟ ನೋಡುವ ಐಸಿವಿಸಿಎಂ ಸಂಸ್ಥೆ ಎಂಟು ನವೀಕರಿಸಬಹುದಾದ ಇಂಧನ ಲೆಕ್ಕವಿಧಾನಗಳಿಗೆ ತನ್ನ ಗುಣಮಟ್ಟದ ಸಿಸಿಪಿ ಮುದ್ರೆ ಇಲ್ಲವೆಂದಿತು. ಇನ್ನೂ ಬಳಕೆಯಾಗದೆ ಉಳಿದಿದ್ದ ಸುಮಾರು 23.6 ಕೋಟಿ ಕ್ರೆಡಿಟ್‌ಗಳು ಅದರ ಕೆಳಗೆ ಬಂದವು. ಭಾರತದ ಹಳೆಯ ದಾಸ್ತಾನಿನಲ್ಲಿ ಈ ಬಗೆಯವು ಬೇಕಾದಷ್ಟಿವೆ. ಅಗ್ಗವಾಗಿ ಸಿಗುತ್ತಿವೆ ಎಂದು ಯಾರಾದರೂ ತೋರಿಸಿದರೆ ಅಗ್ಗವಾಗಿರುವುದಕ್ಕೆ ಕಾರಣ ಇದು.

ಪಾಠಕ್ಕೆ ಒಳ್ಳೆಯ ಇನ್ನೊಂದು ದಾಖಲೆ ನಮ್ಮದೇ ಬಾಗೇಪಲ್ಲಿಯದು. ಸೌದೆ, ಸೀಮೆಎಣ್ಣೆಯ ಬದಲು ಸಗಣಿ ಅನಿಲ ಒದಗಿಸುವ, 5,500 ಮನೆಗಳ ಬಯೋಗ್ಯಾಸ್ ಕಾರ್ಯಕ್ರಮ 2005ರಲ್ಲಿ ಕ್ಯೋಟೊ ಒಪ್ಪಂದದ ಕಾಲದ ವಿಶ್ವಸಂಸ್ಥೆಯ ಕ್ರೆಡಿಟ್ ವ್ಯವಸ್ಥೆ ಸಿಡಿಎಂನಲ್ಲಿ ನೋಂದಾಯಿತವಾಯಿತು. ಅದರ ಕಡತಗಳು ಸಾರ್ವಜನಿಕ. ಅಡುಗೆಮನೆಯ ಯೋಜನೆಗಳಲ್ಲಿ ಎಲ್ಲ ನಿಂತಿರುವುದು ಒಂದು ಅಂಶದ ಮೇಲೆ: ಉರಿಸುತ್ತಿದ್ದ ಸೌದೆಯಲ್ಲಿ ಮತ್ತೆ ಬೆಳೆಯದೆ ಹೋಗುವ ಪಾಲೆಷ್ಟು? ಎಫ್‌ಎನ್‌ಆರ್‌ಬಿ ಎನ್ನುವುದು ಇದನ್ನೇ. ಒಂದು ಮನೆಯಲ್ಲಿ ವರ್ಷಕ್ಕೆ 3 ಟನ್ ಸೌದೆ ಉಳಿಯಿತು ಎಂದುಕೊಂಡು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ ಮೂಲ ಅಂಕಿಗಳನ್ನು ಹಾಕಿದರೆ 5.24 ಟನ್ ಇಂಗಾಲದ ಡೈಆಕ್ಸೈಡ್. ಆ ಪಾಲು 0.86 ಎಂದರೆ 4.5 ಕ್ರೆಡಿಟ್, 0.30 ಎಂದರೆ 1.57. ಒಲೆ ಅದೇ, ಮನೆ ಅದೇ, ಉಳಿದ ಸೌದೆಯೂ ಅಷ್ಟೇ. ಲೆಕ್ಕದ ಹಾಳೆಯ ಒಂದು ಕೋಶ ಬದಲಾದರೆ ಮೂರರಲ್ಲಿ ಎರಡು ಪಾಲು ಕ್ರೆಡಿಟ್ ಮಾಯ. ಸೌದೆ ಒಲೆಯ ಕ್ರೆಡಿಟ್ ಕೊಳ್ಳುವ ಮುನ್ನ ಕಡತದಲ್ಲಿ ಮೊದಲು ತೆರೆಯಬೇಕಾದ ಪುಟ ಅದೇ.

ರಿಜಿಸ್ಟ್ರಿ ಓದುವ ಅಭ್ಯಾಸಕ್ಕೆ ಹಣ ಬೇಕಿಲ್ಲ, ದೊಡ್ಡ ರಿಜಿಸ್ಟ್ರಿಗಳು ಎಲ್ಲರಿಗೂ ತೆರೆದಿವೆ. ಯೋಜನೆಯ ಸಂಖ್ಯೆ ಹಾಕಿ, ಯೋಜನಾ ವಿವರ, ಮಾನಿಟರಿಂಗ್ ವರದಿ, ವೆರಿಫಿಕೇಶನ್ ವರದಿ ಈ ಮೂರನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಯೋಜನಾ ವಿವರದಲ್ಲಿರುವುದು ಅಂದಾಜು ಮಾತ್ರ. ನಿಜವಾಗಿ ವಿತರಣೆಯಾದದ್ದು ಬೇರೆ ಪಟ್ಟಿಯಲ್ಲಿರುತ್ತದೆ. ವಿಂಟೇಜ್ ಎಂದರೆ ಹೊರಸೂಸುವಿಕೆ ತಪ್ಪಿದ ವರ್ಷ, ಕ್ರೆಡಿಟ್ ವಿತರಣೆಯಾದ ವರ್ಷವಲ್ಲ. ಅರಣ್ಯ ಯೋಜನೆಯಾದರೆ ಕಾಡ್ಗಿಚ್ಚು, ಮರ ಕಡಿಯುವ ಅಪಾಯಕ್ಕೆಂದು ಮೀಸಲಿಡುವ ಬಫರ್ ಖಾತೆಗೆ ಎಷ್ಟು ಹೋಯಿತು ಎಂದೂ ನೋಡಬೇಕು. ಕಂಪನಿಯ ವಾರ್ಷಿಕ ವರದಿಯಲ್ಲಿ ‘ಕೊಂಡಿದ್ದೇವೆ’ ಎಂದಿದ್ದರೆ ಸಾಲದು. ರಿಜಿಸ್ಟ್ರಿಯಲ್ಲಿ ಆ ಸರಣಿ ಸಂಖ್ಯೆಗಳ ಮುಂದೆ ‘ರಿಟೈರ್ಡ್’ (ಬಳಸಿ ಶಾಶ್ವತವಾಗಿ ಮುಚ್ಚಿದ್ದು) ಎಂದಿರಬೇಕು, ಯಾರ ಪರವಾಗಿ ಎಂಬ ಹೆಸರೂ ಹೊಂದಬೇಕು. ಕೊಂಡು ಖಾತೆಯಲ್ಲೇ ಇಟ್ಟ ಕ್ರೆಡಿಟ್ ನಾಳೆ ಇನ್ನೊಬ್ಬರಿಗೆ ಮಾರಾಟವಾಗಬಹುದು.

ದೇಶಗಳ ನಡುವೆ ಟನ್ನುಗಳ ವ್ಯಾಪಾರಕ್ಕೆ ಅವಕಾಶ ಕೊಡುವ, ಪ್ಯಾರಿಸ್ ಒಪ್ಪಂದದ 6ನೇ ವಿಧಿಯನ್ನು ಬಹಳ ಕಡೆ ಉದ್ದುದ್ದ ಎಳೆಯುತ್ತಾರೆ. ಹೂಡಿಕೆದಾರರಿಗೆ ಬೇಕಾದ ತಿರುಳು ಚಿಕ್ಕದು. ಟನ್ನನ್ನು ಮಾರಿದ ದೇಶ ತನ್ನ ರಾಷ್ಟ್ರೀಯ ಲೆಕ್ಕಕ್ಕೆ ಆ ಟನ್ನನ್ನು ಮತ್ತೆ ಕೂಡಿಕೊಳ್ಳಬೇಕು, ಇದೇ ಕರೆಸ್ಪಾಂಡಿಂಗ್ ಅಡ್ಜಸ್ಟ್‌ಮೆಂಟ್. ಕೊಳ್ಳುವ ದೇಶ ಮತ್ತು ಮಾರುವ ದೇಶ ಎರಡೂ ಒಂದೇ ಟನ್ನನ್ನು ತಮ್ಮದೆನ್ನದಂತೆ ತಡೆಯುವ ಬಿಗಿ ಅದು. 2024ರ ಜನವರಿಯಲ್ಲಿ ಬ್ಯಾಂಕಾಕಿನ ಇ-ಬಸ್ ಯೋಜನೆಯಿಂದ ಸ್ವಿಟ್ಜರ್ಲೆಂಡಿಗೆ ಹೋದ 1,916 ಟನ್ ಈ ಬಗೆಯ ಮೊದಲ ವರ್ಗಾವಣೆ. ನಿಯಮಾವಳಿ ಗ್ಲಾಸ್ಗೋದಲ್ಲಿ 2021ರಲ್ಲಿ ಶುರುವಾಗಿ ಬಾಕುವಿನಲ್ಲಿ 2024ರಲ್ಲಿ ಮುಗಿಯಿತು. ಆ ವಿಧಿಯ 4ನೇ ಭಾಗದ, ಅಂದರೆ ವಿಶ್ವಸಂಸ್ಥೆಯ ಉಸ್ತುವಾರಿಯ ಮಾರುಕಟ್ಟೆಯ (6.4) ಅಡಿ ವಿತರಣೆಯಾಗುವ ಕ್ರೆಡಿಟ್‌ಗಳಲ್ಲಿ 5 ಶೇಕಡಾ ಬಡ ದೇಶಗಳು ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ನೆರವಾಗುವ ಅಡಾಪ್ಟೇಶನ್ ಫಂಡಿಗೆ ಹೋಗುತ್ತದೆ, ಕನಿಷ್ಠ 2 ಶೇಕಡಾ ಯಾರಿಗೂ ಸಿಗದಂತೆ ರದ್ದಾಗುತ್ತದೆ. ಆದಾಯದ ಅಂದಾಜು ಮಾಡುವಾಗ ಈ 7ನ್ನು ಕಳೆಯದೆ ಬಿಡುವವರೇ ಹೆಚ್ಚು. ಭಾರತ 2023ರಲ್ಲಿ ಹೊರಡಿಸಿದ ಅರ್ಹ ಚಟುವಟಿಕೆಗಳ ಪಟ್ಟಿಯಲ್ಲಿ ಹಸಿರು ಹೈಡ್ರೋಜನ್, ಸಮುದ್ರದ ಪವನ ವಿದ್ಯುತ್, ಸಂಗ್ರಹಣೆಯ ಜೊತೆಗಿನ ನವೀಕರಿಸಬಹುದಾದ ವಿದ್ಯುತ್ ಇದ್ದವು, ನೆಲದ ಮೇಲಿನ ಸಾಮಾನ್ಯ ಪವನ ಯಂತ್ರ ಇರಲಿಲ್ಲ. ನಮ್ಮ 50 ಮೆಗಾವ್ಯಾಟಿಗೆ ಆ ದಾರಿಯೂ ಮುಚ್ಚಿತು.

ಎರಡನೆಯ ಪುಸ್ತಕ ಇಲ್ಲಿಂದ. ಹೂಡಿಕೆಯ ಪಾಲಿಗೆ ಬರುವ ಹೊಗೆಯನ್ನು ಲೆಕ್ಕ ಹಾಕುವ ಪಿಕ್ಯಾಫ್ ಮಾನದಂಡದ ಸೂತ್ರ ಒಂದೇ ಸಾಲು: ನಮ್ಮ ಹೂಡಿಕೆಯನ್ನು ಕಂಪನಿಯ ಇವಿಕ್‌ನಿಂದ ಭಾಗಿಸಿ, ಬಂದದ್ದನ್ನು ಕಂಪನಿಯ ಹೊರಸೂಸುವಿಕೆಯಿಂದ ಗುಣಿಸಿ. ಇವಿಕ್ ಎಂದರೆ ಷೇರುಗಳ ಮಾರುಕಟ್ಟೆ ಮೌಲ್ಯ, ಒಟ್ಟು ಸಾಲದ ಪುಸ್ತಕ ಮೌಲ್ಯ, ಮೈನಾರಿಟಿ ಪಾಲು ಎಲ್ಲ ಸೇರಿ. ಷೇರು ವಿಶ್ಲೇಷಕರ ಕೈ ಅಭ್ಯಾಸಬಲದಿಂದ ನಗದನ್ನು ಕಳೆಯುತ್ತದೆ. ಇಲ್ಲಿ ನಗದು ಕಳೆಯುವಂತಿಲ್ಲ. ಕಳೆದರೆ ಛೇದ ಕಿರಿದಾಗಿ, ನಗದು ಹೆಚ್ಚಿರುವ ಕಂಪನಿಗಳಲ್ಲಿ ನಮ್ಮ ಪಾಲು ವಿಪರೀತ ಉಬ್ಬುತ್ತದೆ.

ಉದಾಹರಣೆಗೆ ಒಂದು ಸಿಮೆಂಟ್ ಕಂಪನಿ. ಷೇರು ಮೌಲ್ಯ 18,000 ಕೋಟಿ, ಸಾಲ 2,000 ಕೋಟಿ, ನಮ್ಮ ಷೇರು 50 ಕೋಟಿ, ಸ್ಕೋಪ್ 1 (ಕಂಪನಿಯ ನೇರ ಹೊಗೆ) ಮತ್ತು 2 (ಕೊಂಡ ವಿದ್ಯುತ್ತಿನ ಹೊಗೆ) ಸೇರಿ 1.2 ಕೋಟಿ ಟನ್. ಪಾಲು 0.25 ಶೇಕಡಾ, ನಮ್ಮ ತಲೆಗೆ 30,000 ಟನ್. ಹೂಡಿಕೆಯ ಪ್ರತಿ ಕೋಟಿಗೆ 600 ಟನ್. ಮರುವರ್ಷ ಷೇರು ಬೆಲೆ 25 ಶೇಕಡಾ ಏರಿತು, ಉಳಿದದ್ದೆಲ್ಲ ಹಾಗೇ ಇದೆ ಎನ್ನೋಣ. ಷೇರು ಮೌಲ್ಯ 22,500, ಇವಿಕ್ 24,500, ನಮ್ಮ ಹೂಡಿಕೆ 62.5 ಕೋಟಿ. ನಮ್ಮ ಪಾಲು ಸುಮಾರು 30,600 ಟನ್, ಪ್ರತಿ ಕೋಟಿಗೆ 490. ಒಂದು ಕಿಲೊ ಹೊಗೆ ಕಡಿಮೆಯಾಗದೆ ತೀವ್ರತೆ 18 ಶೇಕಡಾ ಇಳಿಯಿತು! ಗೂಳಿ ಮಾರುಕಟ್ಟೆಯಲ್ಲಿ ಎಲ್ಲ ಫಂಡುಗಳೂ ಹಸಿರಾಗಿ ಕಾಣುವುದರ ಒಂದು ಗುಟ್ಟು ಇದು. ಮಾರುಕಟ್ಟೆ ಬಿದ್ದ ವರ್ಷ ಇದೇ ಲೆಕ್ಕ ತಿರುಗಿ ಹೊಡೆಯುತ್ತದೆ. ಯುರೋಪಿನ ಹವಾಮಾನ ಸೂಚ್ಯಂಕಗಳ ನಿಯಮದಲ್ಲಿ ಈ ಉಬ್ಬರವನ್ನು ಸರಿಪಡಿಸುವ ಹೊಂದಾಣಿಕೆ ಇದೆ. ನಿಮ್ಮ ವರದಿಯಲ್ಲೂ ಬದಲಾವಣೆಯನ್ನು ಮೂರಾಗಿ ಒಡೆದು ತೋರಿಸಬೇಕು: ಕಂಪನಿ ನಿಜವಾಗಿ ಇಳಿಸಿದ್ದು, ನಾವು ಕೊಂಡು ಮಾರಿದ್ದರಿಂದ ಬಂದದ್ದು, ಇವಿಕ್‌ನ ಏರಿಳಿತದಿಂದ ಬಂದದ್ದು. ಈ ಮೂರು ಸಾಲಿಲ್ಲದ ನೆಟ್ ಝೀರೊ ವರದಿಯನ್ನು ಓದುವುದರಲ್ಲಿ ಅರ್ಥವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಭಾರತದ ಅಂಕಿಗಳನ್ನು ತುಂಬುವಾಗ ಬೇರೆಯದೇ ತೊಡಕುಗಳು. ಹೊರಸೂಸುವಿಕೆ ಸಿಗುವುದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಕೇಳುವ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಬಿಆರ್‌ಎಸ್‌ಆರ್‌ನಲ್ಲಿ, 2022-23ರಿಂದ ಮೊದಲ 1,000 ಪಟ್ಟಿಯಾದ ಕಂಪನಿಗಳಿಗೆ ಅದು ಕಡ್ಡಾಯ. ಅದರ ಎ ವಿಭಾಗದಲ್ಲಿ ವರದಿ ಸ್ಟ್ಯಾಂಡ್‌ಅಲೋನೋ (ಆ ಕಂಪನಿಯದು ಮಾತ್ರ) ಕನ್ಸಾಲಿಡೇಟೆಡ್ಡೋ (ಇಡೀ ಗುಂಪಿನದು) ಎಂಬ ಸಾಲಿರುತ್ತದೆ. ಅದನ್ನು ದಾಟಿ ನೇರ ಟನ್ನುಗಳಿಗೆ ಹೋಗುವವರು ಸ್ಟ್ಯಾಂಡ್‌ಅಲೋನ್ ಹೊಗೆಯನ್ನು ಇಡೀ ಗುಂಪಿನ ಇವಿಕ್‌ಗೆ ಹೊಂದಿಸುತ್ತಾರೆ. ಅಂಗಸಂಸ್ಥೆಗಳಲ್ಲಿ ದೊಡ್ಡ ಕಾರ್ಖಾನೆಗಳಿದ್ದರೆ ಅರ್ಧ ಹೊಗೆ ಲೆಕ್ಕದಿಂದ ಜಾರಿಹೋಗುತ್ತದೆ. ಇನ್ನು ದತ್ತಾಂಶ ಮಾರುವವರ ಕಡತದಲ್ಲಿ ಮೊತ್ತ ಮಿಲಿಯನ್ನಿನಲ್ಲಿ, ನಮ್ಮ ಹೂಡಿಕೆ ಕೋಟಿಯಲ್ಲಿ. ಉತ್ತರ ಹತ್ತು ಪಟ್ಟು ಹೆಚ್ಚೋ ಕಡಿಮೆಯೋ ಬಂದರೆ ಮೊದಲು ಇದನ್ನು ನೋಡಿ. ಒಂದು ಟನ್ ಮೀಥೇನ್ ಎಷ್ಟು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ ಎಂಬಲ್ಲಿ ಒಬ್ಬರು 25 ಹಾಕಿರುತ್ತಾರೆ, ಇನ್ನೊಬ್ಬರು 28. ಐಪಿಸಿಸಿಯ ನಾಲ್ಕನೆಯ, ಐದನೆಯ ವರದಿಗಳ ವ್ಯತ್ಯಾಸ ಅದು.

ವಿಮಾ ಕಂಪನಿಯಿಂದ ಬಂದವರಿಗೆ ಸರ್ಕಾರಿ ಬಾಂಡುಗಳ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು, ಅವರ ಹಣದ ಬಹುಪಾಲು ಅಲ್ಲೇ ಇರುತ್ತದೆ. ಅದಕ್ಕೆ ಛೇದ ಇವಿಕ್ ಅಲ್ಲ, ಕೊಳ್ಳುವ ಶಕ್ತಿಗೆ ಹೊಂದಿಸಿದ ಜಿಡಿಪಿ. ದೇಶದ ಒಟ್ಟು ಹೊಗೆಯಲ್ಲಿ ಸಿಮೆಂಟ್ ಕಂಪನಿಯದ್ದೂ ಸೇರಿರುತ್ತದೆ. ಹಾಗಾಗಿ ಎರಡನ್ನೂ ಕೂಡಿ ಒಂದು ಮೊತ್ತ ಬರೆದರೆ ಒಂದೇ ಹೊಗೆಯನ್ನು ಎರಡು ಸಲ ಎಣಿಸಿದಂತೆ. ಬೇರೆ ಸಾಲಿನಲ್ಲಿ, ಬೇರೆ ಮೊತ್ತವಾಗಿ ತೋರಿಸಬೇಕು.

ಪ್ರತಿ ಅಂಕಿಗೂ 1ರಿಂದ 5ರವರೆಗೆ ದತ್ತಾಂಶದ ಗುಣಮಟ್ಟದ ಅಂಕ ಕೊಡಬೇಕು. ಮೂರನೆಯವರು ಪರಿಶೀಲಿಸಿದ್ದಾದರೆ 1, ಉತ್ಪಾದನೆಯಿಂದ ಅಂದಾಜಿಸಿದ್ದು 3, ವಹಿವಾಟಿಗೆ ವಲಯದ ಸರಾಸರಿ ಹಚ್ಚಿದ್ದು 4. ಕಂಪನಿಯೊಂದು ಹೊಸದಾಗಿ ವರದಿ ಕೊಡತೊಡಗಿ 4ರಿಂದ 2ಕ್ಕೆ ಬಂದಾಗ ಅದರ ಟನ್ನುಗಳು ಒಮ್ಮೆಲೇ ಜಿಗಿಯಬಹುದು ಅಥವಾ ಕುಸಿಯಬಹುದು. ಆಗ ಮೂಲ ವರ್ಷವನ್ನೂ ಮತ್ತೆ ಲೆಕ್ಕ ಹಾಕದಿದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಗುರಿ ಹಾಕುವ ಭಾಗದಲ್ಲಿ ಪ್ಯಾರಿಸ್ ಒಪ್ಪಂದಕ್ಕೆ ಹೊಂದಿಸಿದ ಯುರೋಪಿನ ಹವಾಮಾನ ಸೂಚ್ಯಂಕದ ವರ್ಷಕ್ಕೆ 7 ಶೇಕಡಾ ಇಳಿಕೆಯನ್ನು ಅಳತೆಗೋಲಾಗಿ ಬಳಸುತ್ತಾರೆ. ಅದು ಚಕ್ರಬಡ್ಡಿಯಂತೆ ಕೆಲಸ ಮಾಡುವ 7: 2020ರಲ್ಲಿ 100 ಇದ್ದದ್ದು 2030ಕ್ಕೆ 48, 2050ಕ್ಕೆ 11. ಪ್ರತಿ ವರ್ಷ 7 ಅಂಕ ನೇರವಾಗಿ ಕಳೆದರೆ ಹದಿನೈದನೇ ವರ್ಷದಲ್ಲಿ ಸೊನ್ನೆ ದಾಟಿ ಕೆಳಗಿಳಿಯುತ್ತದೆ. ಹಾಳೆಯಲ್ಲಿ ಋಣ ಸಂಖ್ಯೆ ಕಂಡರೆ ಕಾರಣ ಅಲ್ಲಿದೆ. ಗುರಿ ಮುಟ್ಟಲು ಸುಲಭದ ದಾರಿ ಸಿಮೆಂಟ್, ಉಕ್ಕು ಮಾರಿ ಸಾಫ್ಟ್‌ವೇರ್ ಕೊಳ್ಳುವುದು. ನಮ್ಮ ಹಾಳೆ ಸ್ವಚ್ಛವಾಗುತ್ತದೆ, ಷೇರು ಇನ್ನೊಬ್ಬರ ಕೈಗೆ ಹೋಗುತ್ತದೆ, ಕುಲುಮೆ ಉರಿಯುತ್ತಲೇ ಇರುತ್ತದೆ. ಮೇಲೆ ಹೇಳಿದ ಮೂರು ಸಾಲುಗಳಲ್ಲಿ ಎರಡನೆಯದು ಇದನ್ನು ಬಯಲಿಗಿಡುತ್ತದೆ.

ಕೊನೆಯ ಕೆಲಸ ಹೂಡಿಕೆ ಸಮಿತಿಗೆ ಎರಡು ಪುಟದ ಟಿಪ್ಪಣಿ. ನಮ್ಮ ಹೂಡಿಕೆಯ ಪಾಲಿಗೆ ಬರುವ ಹೊರಸೂಸುವಿಕೆಯ ಕೋಷ್ಟಕದಲ್ಲಿ ಕ್ರೆಡಿಟ್ ಎಂಬ ಕಾಲಂ ಇರಲೇಬಾರದು. ಸಿಮೆಂಟ್ ಕಂಪನಿ 10 ಲಕ್ಷ ಕ್ರೆಡಿಟ್ ಕೊಂಡು ರಿಟೈರ್ ಮಾಡಿದ್ದರೂ ನಮ್ಮ ಕೋಷ್ಟಕದಲ್ಲಿ ಅದರ 1.2 ಕೋಟಿ ಟನ್ ಹಾಗೇ ಇರುತ್ತದೆ. ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸಿ ಒಪ್ಪುವ ಎಸ್‌ಬಿಟಿಐ ಕೂಡ ತನ್ನ 2021ರ ನೆಟ್ ಝೀರೊ ಮಾನದಂಡದಲ್ಲಿ ಕ್ರೆಡಿಟ್‌ಗಳನ್ನು ಗುರಿಯ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ; ಹೆಚ್ಚಿನ ವಲಯಗಳಿಗೆ 2050ರೊಳಗೆ ಸುಮಾರು 90 ಶೇಕಡಾ ಇಳಿಕೆ ಆದ ಮೇಲೆ ಉಳಿದದ್ದನ್ನು ಮಾತ್ರ ಗಾಳಿಯಿಂದ ಇಂಗಾಲ ತೆಗೆಯುವ ಕೆಲಸದಿಂದ ಸರಿದೂಗಿಸಬೇಕೆಂದಿತು. ಕ್ರೆಡಿಟ್‌ಗಳಿಗೆ ಬೇರೆ ಕೋಷ್ಟಕ ಬರೆಯಬೇಕು: ರಿಜಿಸ್ಟ್ರಿ, ಯೋಜನೆಯ ಸಂಖ್ಯೆ, ವಿಂಟೇಜ್, ಸರಣಿ ಸಂಖ್ಯೆ, ರಿಟೈರ್ ಆದ ದಿನ, ಕರೆಸ್ಪಾಂಡಿಂಗ್ ಅಡ್ಜಸ್ಟ್‌ಮೆಂಟ್ ಇದೆಯೋ ಇಲ್ಲವೋ.

ಅದೇ ಟಿಪ್ಪಣಿಯಲ್ಲಿ ಯುರೋಪಿಗೆ ಮಾಲು ಕಳಿಸುವ ಕಂಪನಿಗಳಿಗೆ ಒಂದು ಸಾಲು ಮೀಸಲು. 2026ರ ಸೆಪ್ಟೆಂಬರ್ 27ರಿಂದ ಅಲ್ಲಿನ ಗ್ರಾಹಕರಿಗೆ ಮಾರುವ ಸರಕಿನ ಮೇಲೆ, ಹೊಗೆಗೆ ಬದಲಾಗಿ ಕ್ರೆಡಿಟ್ (ಆಫ್‌ಸೆಟ್) ಕೊಂಡ ಆಧಾರದಲ್ಲಿ ‘ಕಾರ್ಬನ್ ನ್ಯೂಟ್ರಲ್’ ಎಂದು ಹೇಳಿಕೊಳ್ಳುವುದಕ್ಕೆ ನಿಷೇಧ. ಬೆಂಗಳೂರಿನ ಗಾರ್ಮೆಂಟ್ ಕಂಪನಿಯೊಂದು ನಿಮ್ಮ ಪಟ್ಟಿಯಲ್ಲಿದ್ದರೆ ಖರೀದಿದಾರರು ಕೊಟ್ಟ ಲೇಬಲ್‌ನ ಪಠ್ಯವನ್ನು ತರಿಸಿ ಓದಿ. ಹಳೆಯ ಲೇಬಲ್ ಹೊಲಿದ ದಾಸ್ತಾನು ಎಷ್ಟಿದೆ ಎಂದೂ ಕೇಳಿ.